500 ರೂಪಾಯಿಯಲ್ಲಿ ಮಡಗಾಂವ್ ಸುತ್ತುವುದು ಹೇಗೆ

ಗೋವಾಕ್ಕೆ ರೈಲಿನಲ್ಲಿ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಬಹಳಷ್ಟು ಜನ ಮಡಗಾಂವ್‌ನಲ್ಲೇ ಇಳಿಯುತ್ತಾರೆ. ಇಳಿದವರು ಟ್ಯಾಕ್ಸಿ ಹತ್ತಿ ಸೀದಾ ಬೀಚಿಗೆ. ಊರು ಹೇಗಿದೆ ಅಂತ ಯಾರೂ ತಿರುಗಿ ನೋಡುವುದಿಲ್ಲ. ಗದಗ ಕಡೆಯಿಂದ ಬಂದು ಇಲ್ಲಿ ತರಕಾರಿ ವ್ಯಾಪಾರಕ್ಕೆ ನಿಂತವರ ಮಗಳು ನಾನು. ಇಲ್ಲೇ ಬೆಳೆದೆ, ಇಲ್ಲೇ ಕಾಲೇಜು. ಧಾರವಾಡದ ಗೆಳತಿಯರಿಗೆ ಯಾವಾಗಲೂ ಹೇಳುತ್ತೇನೆ: ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ಮಡಗಾಂವ್ ನೋಡಿ. ಇಲ್ಲಿಯ ಬಸ್ಸು, ಹೋಟೆಲು, ಅಂಗಡಿ ನಡೆಯುವುದು ಊರವರನ್ನು ನಂಬಿ. ಹಾಗಾಗಿ ರೇಟೂ ಊರವರ ರೇಟೇ. ರೈಲಿನ ಖರ್ಚು ಬಿಟ್ಟರೆ ಒಂದು ದಿನಕ್ಕೆ 500 ರೂಪಾಯಿ ಇಟ್ಟುಕೊಳ್ಳಿ, ಸಾಕು.

ಹುಬ್ಬಳ್ಳಿ-ಧಾರವಾಡದವರು ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಬರುವ ರೈಲು ಹಿಡಿಯಿರಿ. ಹಗಲಲ್ಲಿ ಘಾಟಿ ಇಳಿದರೆ ದೂಧಸಾಗರ ಜಲಪಾತ ರೈಲಿನಿಂದಲೇ ಕಾಣುತ್ತದೆ. ಕಾರವಾರದವರಿಗೆ ಲೋಕಲ್ ರೈಲಿದೆ. ಬ್ಯಾಗಿಗೆ ಒಂದು ಬೀಗ ತನ್ನಿ, ಬೀಗ ಇಲ್ಲದ ಬ್ಯಾಗನ್ನು ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿ ಇಟ್ಟುಕೊಳ್ಳುವುದಿಲ್ಲ. ರೈಲಿನ ಟಿಕೆಟ್ಟನ್ನೂ ಕೇಳುತ್ತಾರೆ. ಅಲ್ಲಿಂದ ಪೇಟೆಗೆ ನಡೆದೇ ಹೋಗಬಹುದು. ಒಬ್ಬರೇ ಇದ್ದೀರಿ, ಬಿಸಿಲು ಜಾಸ್ತಿ ಅನ್ನಿಸಿದರೆ ಪೈಲಟ್ ಕರೆಯಿರಿ. ಪೈಲಟ್ ಅಂದರೆ ಇಲ್ಲಿಯ ಬೈಕ್ ಟ್ಯಾಕ್ಸಿ. ಮುಂದಿನ ಮಡ್‌ಗಾರ್ಡ್ ಹಳದಿ ಇರುತ್ತದೆ. ಹತ್ತುವ ಮುಂಚೆ ಎಷ್ಟು ಅಂತ ಕೇಳಿಬಿಡಿ.

ಒಂದು ವಿಷಯ ಗೊತ್ತಿದ್ದರೆ ಇಡೀ ದಿನ ಸಲೀಸು. ಮಧ್ಯಾಹ್ನ ಒಂದು ಗಂಟೆಗೆ ಇಲ್ಲಿ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕುತ್ತವೆ, ಮತ್ತೆ ತೆರೆಯುವುದು ಮೂರರ ಮೇಲೆ. ಭಾನುವಾರ ಮಾರ್ಕೆಟ್ ಹೆಚ್ಚುಕಡಿಮೆ ಪೂರ್ತಿ ಬಂದ್. ಅದಕ್ಕೇ ಪೇಟೆ ಬೆಳಿಗ್ಗೆ ನೋಡಿ, ಮಧ್ಯಾಹ್ನ ಊರ ಹೊರಗೆ ಹೋಗಿ, ಸಂಜೆ ವಾಪಸ್ ಬನ್ನಿ.

ತಿಂಡಿಗೆ ಭಾಜಿ-ಪಾವ್. ಮುಂಬೈಯ ಪಾವ್‌ಭಾಜಿ ಬೇರೆ, ಇದು ಬೇರೆ. ಸಣ್ಣ ತಟ್ಟೆಯಲ್ಲಿ ಆಲೂಗಡ್ಡೆಯ ಸುಕಿ ಭಾಜಿ, ಇಲ್ಲಾಂದ್ರೆ ಬಟಾಣಿಯ ಪಾತಳ ಭಾಜಿ ಕೊಡುತ್ತಾರೆ. ಎರಡೂ ಬೇಕು ಅಂದರೆ ಮಿಕ್ಸ್ ಅನ್ನಿ. ಜೊತೆಗೆ ಒಂದು ಮಿರ್ಚಿ, ಒಂದು ಚಹಾ. ನೂರರ ನೋಟು ಕೊಟ್ಟರೆ ಚಿಲ್ಲರೆ ವಾಪಸ್ ಬರುತ್ತದೆ.

ಆಮೇಲೆ ಹಳೇ ಛಾವಣಿಯ ಕೆಳಗಿನ ಮಾರ್ಕೆಟ್ ಒಳಗೆ ನುಗ್ಗಿ. ಇಕ್ಕಟ್ಟಾದ ಓಣಿಗಳು. ಒಂದು ಕಡೆ ಒಣಮೀನು, ಇನ್ನೊಂದು ಕಡೆ ಕೋಕಂ ಸಿಪ್ಪೆಯ ರಾಶಿ, ಅದರ ಪಕ್ಕ ಕೆಂಪು ಚೊರೀಸ್ ಸಾಸೇಜಿನ ಸರ ತೂಗಾಡುತ್ತಿರುತ್ತದೆ. ಪೊಯಿ ಕಂಡರೆ ಒಂದೆರಡು ತಗೊಳ್ಳಿ. ಅದು ಗೋಧಿ ತೌಡು ಮೆತ್ತಿದ ಬ್ರೆಡ್ಡು. ಒಳಗೆ ಟೊಳ್ಳು, ಬಿಡಿಸಿದರೆ ಜೇಬಿನ ಹಾಗೆ ಬಾಯಿ ತೆರೆಯುತ್ತದೆ. ಬೆಳಿಗ್ಗೆಯ ಭಾಜಿ ಸ್ವಲ್ಪ ಕಟ್ಟಿಸಿಕೊಂಡು ಅದರೊಳಗೆ ತುಂಬಿದರೆ ಮಧ್ಯಾಹ್ನದ ಊಟ ಅಲ್ಲಿಗೇ ಆಯಿತು. ಗೋವಾಕ್ಕೆ ತರಕಾರಿ ಬಹಳಷ್ಟು ಬರುವುದು ಬೆಳಗಾವಿ ಕಡೆಯಿಂದ. ಮಾರುವವರಲ್ಲೂ ನಮ್ಮವರು ತುಂಬ ಜನ. "ಯಕ್ಕಾ, ಇದು ಹೆಂಗ?" ಅಂತ ಕೇಳಿ ನೋಡಿ. ಉತ್ತರ ಬಾಗಲಕೋಟೆ ಮಾತಿನಲ್ಲೇ ಬರಬಹುದು, ಒಳ್ಳೆಯ ಹೋಟೆಲ್ ಯಾವುದು ಅಂತಲೂ ಅವರೇ ಹೇಳುತ್ತಾರೆ.

ಮಾರ್ಕೆಟ್ ಆದ ಮೇಲೆ ಲೋಹಿಯಾ ಮೈದಾನ. ನೋಡಿದರೆ ಸಾಮಾನ್ಯ ಮೈದಾನ, ಸುಮ್ನೆ ದಾಟಿ ಹೋಗಬೇಡಿ. ಪೋರ್ಚುಗೀಸರು ಸಭೆ, ಭಾಷಣ ಎಲ್ಲ ತಡೆದಿದ್ದ ಕಾಲದಲ್ಲಿ, 1946ರ ಜೂನ್ 18ರಂದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಜನರನ್ನು ಸೇರಿಸಿ ಕಾನೂನು ಮುರಿದದ್ದು ಇಲ್ಲೇ. ಗೋವಾ ಬಿಡುಗಡೆಯಾಗಲು 1961 ಬರಬೇಕಾಯಿತು. ಅಲ್ಲಿಂದ ಹೋಲಿ ಸ್ಪಿರಿಟ್ ಚರ್ಚಿಗೆ ನಡೆಯಿರಿ. ಈಗಿನ ಕಟ್ಟಡ 1675ರದ್ದು. ಅದಕ್ಕೂ ಮುಂಚೆ ಆ ಜಾಗದಲ್ಲಿ ದಾಮೋದರ ದೇವಸ್ಥಾನ ಇತ್ತು ಅನ್ನುತ್ತಾರೆ. ದೇವರನ್ನು ಜಾಂಬಾವಲಿ ಅನ್ನುವ ಊರಿಗೆ ಸಾಗಿಸಿದರು, ಈಗಲೂ ಅಲ್ಲೇ ಪೂಜೆ. ಚರ್ಚಿನ ಸುತ್ತಲಿನ ಹಳೇ ಮನೆಗಳನ್ನು ನಿಧಾನವಾಗಿ ನೋಡಿ. ಒಳಗೆ ಜನ ವಾಸ ಇದ್ದಾರೆ, ಫೋಟೋ ತೆಗೆಯುವ ಮುಂಚೆ ಕೇಳಿ.

ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ ಚಾಂದೋರಿನ ಬಸ್ಸು ಹಿಡಿಯಿರಿ. ಸುಮಾರು ಅರ್ಧ ಗಂಟೆಯ ದಾರಿ. ಕನ್ನಡದವರು ಅಲ್ಲಿಗೆ ಹೋಗಲೇಬೇಕು ಅನ್ನುವುದು ನನ್ನ ಹಟ. ಗೋವೆಯ ಕದಂಬರ ರಾಜಧಾನಿ ಚಂದ್ರಾಪುರ ಅಂದರೆ ಇದೇ ಊರು. ನಮ್ಮ ಖಾನಾಪುರ ತಾಲ್ಲೂಕಿನ ಹಲಸಿಯನ್ನೂ ಆಳಿದವರು ಅವರೇ. ಇಲ್ಲಿಯ ಸರ್ಕಾರಿ ಬಸ್ಸಿನ ಮೇಲೆ ಕದಂಬ ಅಂತ ಬರೆದಿರುವುದೂ ಆ ಮನೆತನದ ಹೆಸರೇ. ಊರವರನ್ನು ಕೇಳಿಕೊಂಡು ಹೋದರೆ ಪುರಾತತ್ವದವರು ಅಗೆದ ದೇವಸ್ಥಾನದ ಅಡಿಪಾಯ ಸಿಗುತ್ತದೆ, ಅಲ್ಲಿ ತಲೆ ಇಲ್ಲದ ಒಂದು ನಂದಿ ಇದೆ. ಚರ್ಚ್ ಚೌಕದಲ್ಲಿ ಮೆನೆಜಿಸ್ ಬ್ರಗಾಂಜಾ ಮನೆ, ಪೋರ್ಚುಗೀಸರ ಕಾಲದ ದೊಡ್ಡ ಬಂಗಲೆ. ಒಂದೇ ಸೂರಿನಡಿ ಎರಡು ಕುಟುಂಬಗಳ ಎರಡು ಭಾಗ. ಮನೆಯ ನಿರ್ವಹಣೆಗೆ ಅಂತ ಒಂದೊಂದು ಭಾಗದವರೂ ಬೇರೆ ಬೇರೆ ಕಾಣಿಕೆ ಕೇಳುತ್ತಾರೆ. ನಿಮ್ಮ 500ರಲ್ಲಿ ದೊಡ್ಡ ಖರ್ಚು ಇದೇ, ಅದಕ್ಕೆ ಒಂದೇ ಭಾಗ ನೋಡಿ, ಆದರೆ ಆರಾಮಾಗಿ ನೋಡಿ. ಕೊನೆಯ ಬಸ್ಸು ಎಷ್ಟೊತ್ತಿಗೆ ಅಂತ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.

ರಾತ್ರಿ ಉಳಿಯುವುದಾದರೆ ರೈಲಿನ ಪಿಎನ್‌ಆರ್ ಹಾಕಿ ಸ್ಟೇಷನ್ನಿನ ರಿಟೈರಿಂಗ್ ರೂಮು ಖಾಲಿ ಇದೆಯಾ ಅಂತ ಮೊದಲೇ ನೋಡಿ. ಬೀಚ್ ಬೇಕೇ ಬೇಕು ಅನ್ನುವವರಿಗೆ ಕೋಲ್ವಾ ಆರು ಕಿಲೋಮೀಟರ್, ಬಸ್ಸಿದೆ.

ಸಂಜೆ ಕತ್ತಲಾಗುತ್ತಿದ್ದಂತೆ ರಸ್ತೆ ಬದಿ ಗಾಡಿಗಳು ಬರುತ್ತವೆ. ರಸ್ ಆಮ್ಲೆಟ್ ಕೇಳಿ. ಆಮ್ಲೆಟ್ ಮೇಲೆ ಕೊಬ್ಬರಿ ಮಸಾಲೆಯ ಬಿಸಿ ರಸ ಸುರಿದು, ಹಸಿ ಈರುಳ್ಳಿ ಉದುರಿಸಿ, ನಿಂಬೆಹಣ್ಣು ಹಿಂಡಿ ಪಾವ್ ಜೊತೆ ಕೊಡುತ್ತಾರೆ. ಮೊಟ್ಟೆ ತಿಂದರೂ ಕೋಳಿ ತಿನ್ನದವರು ಮೊದಲೇ ವಿಚಾರಿಸಿ, ಆ ರಸ ಸಾಮಾನ್ಯವಾಗಿ ಕೋಳಿಯದ್ದು.