ರೂಮ್ ಪ್ರೆಷರ್ ನಿಲ್ತಿಲ್ವಾ? ಡ್ಯಾಂಪರ್ ಮುಟ್ಟೋಕ್ ಮುಂಚೆ ಇದನ್ನ ನೋಡಿ

ಪೀಣ್ಯ, ಜಿಗಣಿ, ಬೊಮ್ಮಸಂದ್ರ ಕಡೆ ಕ್ಲೀನ್ ರೂಮ್ (ಧೂಳು ಒಳಗೆ ಬರದ ಹಾಗೆ ಹೊರಗಿಗಿಂತ ಗಾಳಿಯ ಒತ್ತಡ ಜಾಸ್ತಿ ಇಟ್ಟಿರೋ ಶುದ್ಧ ಕೋಣೆ) ಮೇಂಟೆನೆನ್ಸ್ ನೋಡ್ಕೊಳ್ಳೋರಿಗೆ ಇದನ್ನ ಬರೀತಿದೀನಿ. ರೂಮಿಗೂ ಹೊರಗಿಗೂ ಇರೋ ಪ್ರೆಷರ್ ವ್ಯತ್ಯಾಸ ತೋರ್ಸೋ ಗೇಜ್ ಮುಳ್ಳು 15 ಪ್ಯಾಸ್ಕಲ್‌ನಿಂದ ಇಳೀತು ಅಂದ ತಕ್ಷಣ ಮೇಲೆ ಹತ್ತಿ ಡ್ಯಾಂಪರ್ (ಡಕ್ಟಲ್ಲಿ ಗಾಳಿ ಹೆಚ್ಚು ಕಮ್ಮಿ ಮಾಡೋ ತಟ್ಟೆ) ತಿರುಗಿಸ್ಬೇಡಿ, ಎಲ್ಲಾ ರೂಮು ಒಂದೇ ಎಎಚ್‌ಯು (ಗಾಳಿ ಸೋಸಿ ಕಳಿಸೋ ಯಂತ್ರ) ಮೇಲಿದ್ರೆ ಇದನ್ನ ಸರಿ ಮಾಡೋಕ್ ಹೋಗಿ ಪಕ್ಕದ ರೂಮುಗಳೂ ಏರುಪೇರಾಗ್ತವೆ.

ಮೊದ್ಲು ಗೇಜನ್ನೇ ನೋಡಿ. ಎರಡೂ ಟ್ಯೂಬ್ ಬಿಚ್ಚಿದ್ರೆ ಮುಳ್ಳು ಸರಿಯಾಗಿ ಸೊನ್ನೆಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ತಪ್ಪು ಗೇಜ್‌ದು, ರೂಮಿಂದಲ್ಲ. ಟ್ಯೂಬ್ ಎಲ್ಲಾದ್ರೂ ಮಡಚಿಕೊಂಡಿದ್ಯಾ ಅಂತಾನೂ ನೋಡ್ಬಿಡಿ.

ಆಮೇಲೆ ಬಾಗಿಲು. ನನ್ ಪ್ರಕಾರ ಮುಕ್ಕಾಲು ಪಾಲು ತೊಂದ್ರೆ ಇಲ್ಲೇ ಇರತ್ತೆ. ರೂಮಿಗೆ ಬರೋ ಗಾಳಿ ಹೊರಗೆ ಎಳೆಯೋ ಗಾಳಿಗಿಂತ ಜಾಸ್ತಿ ಇದ್ದಾಗ, ಆ ಉಳಿದಿದ್ದು ಸಂದಿಗಳಲ್ಲಿ ತೂರ್ಕೊಂಡು ಹೋಗ್ಬೇಕಲ್ಲ, ಹಾಗೆ ಹೋಗುವಾಗ ಆಗೋ ತಡೆಯೇ ಪ್ರೆಷರ್. ಒಟ್ಟು 100 ಚದರ ಸೆಂಟಿಮೀಟರ್ ಸಂದಿ ಇದ್ರೆ 15 ಪ್ಯಾಸ್ಕಲ್ ನಿಲ್ಲಿಸೋಕೆ ಗಂಟೆಗೆ ಸುಮಾರು 115 ಘನ ಮೀಟರ್ ಹೆಚ್ಚುವರಿ ಗಾಳಿ ಸಾಕು. ಆದ್ರೆ ಬಾಗಿಲ ಕೆಳಗಿನ ಸಂದಿ ಮುಚ್ಚೋ ಡ್ರಾಪ್ ಸೀಲ್ ಸವೆದು ಸಂದಿ ಎರಡು ಪಟ್ಟಾಯ್ತು ಅನ್ಕೊಳಿ, ಅಷ್ಟೇ ಗಾಳೀಲಿ ಪ್ರೆಷರ್ ಅರ್ಧ ಅಲ್ಲ, ಕಾಲು ಭಾಗಕ್ಕೆ ಬಿದ್ದೋಗತ್ತೆ, 4 ಪ್ಯಾಸ್ಕಲ್ ಕೂಡ ಉಳಿಯಲ್ಲ! ಅದಕ್ಕೇ ಮಂಡಿಯೂರಿ ಟಾರ್ಚ್ ಹಾಕಿ ನೋಡಿ, ಕೇಬಲ್ ಹಾಕೋಕೆ ಪ್ಯಾನೆಲ್ ಕೊರೆದು ಸಿಲಿಕೋನ್ ತುಂಬದೇ ಬಿಟ್ಟಿರೋ ತೂತುಗಳನ್ನೂ ಹುಡುಕಿ.

ಮೂರನೇದು ಫಿಲ್ಟರ್. ನಮ್ಮೂರಲ್ಲಿ ಎಲ್ಲಿ ನೋಡಿದ್ರೂ ಕನ್‌ಸ್ಟ್ರಕ್ಷನ್ ಧೂಳು, ಫೆಬ್ರವರಿ ಮಾರ್ಚಲ್ಲಂತೂ ಧೂಳನ್ನ ಮೊದ್ಲು ಹಿಡಿಯೋ ಪ್ರೀ ಫಿಲ್ಟರ್ ಬೇಗ ಕಟ್ಕೊಂಡು ಸಪ್ಲೈ (ರೂಮಿಗೆ ಬರೋ ಗಾಳಿ) ಕಮ್ಮಿಯಾಗತ್ತೆ. ಕ್ಯಾಲೆಂಡರ್ ನೋಡಿ ಬದಲಾಯ್ಸೋದಕ್ಕಿಂತ ಫಿಲ್ಟರ್ ಆಚೀಚೆ ಇರೋ ಪ್ರೆಷರ್ ವ್ಯತ್ಯಾಸ ನೋಡಿ ಬದಲಾಯ್ಸಿ.

ಇಷ್ಟೆಲ್ಲಾ ಸರಿ ಇದ್ಮೇಲೇ ಬ್ಯಾಲೆನ್ಸಿಂಗ್. ಎಲ್ಲಾ ಬಾಗಿಲು ಮುಚ್ಚಿ, ಮೊದ್ಲು ಸಪ್ಲೈ ಸಿಎಫ್ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನೋ ಅಳತೆ) ಡಿಸೈನ್‌ಗೆ ತಂದು ಲಾಕ್ ಮಾಡಿ, ಆಮೇಲೆ ಗಾಳಿ ವಾಪಸ್ ಎಳೆಯೋ ಕಡೆಯ ರಿಟರ್ನ್ ಡ್ಯಾಂಪರಲ್ಲಿ ಮಾತ್ರ ಪ್ರೆಷರ್ ಹೊಂದಿಸಿ. ಅತಿ ಶುದ್ಧ ರೂಮಿಂದ ಶುರು ಮಾಡಿ ಕಾರಿಡಾರ್ ಕಡೆ ಬನ್ನಿ. ಶುದ್ಧತೆಯ ಗ್ರೇಡ್ ಬೇರೆ ಇರೋ ಅಕ್ಕಪಕ್ಕದ ರೂಮುಗಳ ನಡುವೆ ಕನಿಷ್ಠ 10 ಪ್ಯಾಸ್ಕಲ್ ಇರ್ಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಗಾಳಿ ಸುಮಾರು ಶೇ 10 ತೆಳು, ಅದನ್ನ ಲೆಕ್ಕಕ್ಕೆ ತಗೊಳ್ದೇ ಫ್ಯಾನ್ ಆರಿಸಿದ್ರೆ ಸ್ಟ್ಯಾಟಿಕ್ ಪ್ರೆಷರ್ (ಡಕ್ಟಲ್ಲಿ ಗಾಳಿ ತಳ್ಳೋಕೆ ಬೇಕಾದ ಒತ್ತಡ) ಸಾಲಲ್ಲ.

ಅಪಾಯಕಾರಿ ರೋಗಾಣುಗಳ ಮೇಲೆ ಕೆಲಸ ಮಾಡೋ ಬಿಎಸ್ಎಲ್-3 ತರದ ಲ್ಯಾಬಲ್ಲಿ ಎಲ್ಲಾ ಉಲ್ಟಾ, ಗಾಳಿ ಹೊರಗಿಂದ ಒಳಗೇ ಹೋಗ್ಬೇಕು, ರೋಗಾಣು ಆಚೆ ಬರ್ಬಾರ್ದು. ಅಲ್ಲಿ ಕರೆಂಟ್ ಹೋಗಿ ಡಿಜಿ (ಡೀಸೆಲ್ ಜನರೇಟರ್) ಬಂದಾಗ ಗಾಳಿ ಹೊರಗೆಳೆಯೋ ಎಕ್ಸಾಸ್ಟ್ ಮೊದ್ಲು, ಸಪ್ಲೈ ಆಮೇಲೆ ಆನ್ ಆಗ್ಬೇಕು, ಎಕ್ಸಾಸ್ಟ್ ಟ್ರಿಪ್ ಆದ್ರೆ ಸಪ್ಲೈ ತಾನಾಗೇ ನಿಲ್ಬೇಕು. ಈ ಇಂಟರ್‌ಲಾಕನ್ನ ಕಾಗದದ ಮೇಲೆ ನೋಡಿ ನಂಬ್ಬೇಡಿ, ಒಳಗೆ ಕೆಲಸ ಇಲ್ದಿರೋ, ಡಿಕಂಟ್ಯಾಮಿನೇಶನ್ (ರೋಗಾಣು ನಾಶ ಮಾಡೋ ಕೆಲಸ) ಮುಗಿದಿರೋ ದಿನ ಮೇನ್ಸ್ ತೆಗೆದು, ಬಾಗಿಲ ಸಂದಿ ಹತ್ರ ಸ್ಮೋಕ್ ಸ್ಟಿಕ್ ಹಿಡಿದು, ಹೊಗೆ ಯಾವ ಕಡೆ ವಾಲತ್ತೆ ಅಂತ ಕಣ್ಣಾರೆ ನೋಡಿ. ಒಂದು ಕ್ಷಣ ಹೊರಗೆ ತಿರುಗಿದ್ರೂ ಟೈಮರ್ ಸೆಟ್ಟಿಂಗ್ ಸರಿಮಾಡಿ ಮತ್ತೆ ಟೆಸ್ಟ್ ಮಾಡೋವರ್ಗೂ ಆ ಲ್ಯಾಬ್ ಬಳಕೆಗೆ ಬಿಡ್ಬೇಡಿ.