ಫೋರ್ಕ್‌ಲಿಫ್ಟ್ ಕಂಟ್ರೋಲರ್: ಸುಟ್ಟ ಮಾಸ್ಫೆಟ್ ಬದಲಿಸುವುದು ಹೇಗೆ?

ಡಿಸಿ ಮೋಟರಿನ ಬ್ಯಾಟರಿ ಫೋರ್ಕ್‌ಲಿಫ್ಟ್ ಪೆಡಲ್ ಒತ್ತುವ ಮೊದಲೇ ಮುನ್ನುಗ್ಗಲು ನೋಡಿದರೆ, ಅಥವಾ ಮುಖ್ಯ ಕಂಟ್ಯಾಕ್ಟರ್ (ಬ್ಯಾಟರಿ ಕರೆಂಟನ್ನು ಹಾಯಿಸುವ ದೊಡ್ಡ ಸ್ವಿಚ್) ಕೂಡಿಕೊಳ್ಳದೇ ಇದ್ದರೆ, ಮೊದಲು ಶಂಕಿಸಬೇಕಾದದ್ದು ಮೋಟರಿನ ವೇಗ ನಿಯಂತ್ರಿಸುವ ಕಂಟ್ರೋಲರ್‌ನ ಪವರ್ ಟ್ರಾನ್ಸಿಸ್ಟರ್‌ಗಳನ್ನು. ಇವು ಹೆಚ್ಚಾಗಿ ಮಾಸ್ಫೆಟ್ ಬಗೆಯವು, ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡುವ ಸ್ವಿಚ್ಚುಗಳು. ಮಾಸ್ಫೆಟ್ ಕೆಟ್ಟಾಗ ಸಾಮಾನ್ಯವಾಗಿ ಶಾರ್ಟ್ ಆಗುತ್ತದೆ, ಎಂದರೆ ಸದಾ ಆನ್ ಆಗಿಯೇ ಉಳಿಯುತ್ತದೆ. ಆಮೇಲೆ ಮೋಟರಿಗೂ ಬ್ಯಾಟರಿಗೂ ನಡುವೆ ತಡೆಯೇ ಇಲ್ಲ.

ಚಾಲನಾ ಚಕ್ರಗಳನ್ನು ನೆಲದಿಂದ ಎತ್ತಿ, ಕೆಳಗೆ ದಿಮ್ಮಿ ಕೊಟ್ಟು, ಬ್ಯಾಟರಿ ಪ್ಲಗ್ ಕೀಳಿ. ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. 48 ವೋಲ್ಟ್ ಗಾಡಿಯಾದರೆ 100 ಓಮ್, 25 ವಾಟ್ ರೆಸಿಸ್ಟರನ್ನು ಕಂಟ್ರೋಲರಿನ ಬ್ಯಾಟರಿ ತುದಿಗಳಾದ ಬಿ ಪ್ಲಸ್, ಬಿ ಮೈನಸ್ ನಡುವೆ ಹಿಡಿದು, ಮೀಟರ್ 1 ವೋಲ್ಟ್‌ಗಿಂತ ಕೆಳಗೆ ಬಂದ ಮೇಲಷ್ಟೇ ಮುಂದಿನ ಕೆಲಸ. ಸ್ಕ್ರೂಡ್ರೈವರ್ ತಗುಲಿಸಿ ಕಿಡಿ ಹಾರಿಸುವ ಅಭ್ಯಾಸ ಬಿಡಿ.

ಮೋಟರ್ ವೈರ್ ಬಿಚ್ಚಿ, ಮಲ್ಟಿಮೀಟರನ್ನು ಡಯೋಡ್ ರೇಂಜಿಗೆ ಇಡಿ. ಮಾಸ್ಫೆಟ್ಟಿಗೆ ಮೂರು ಕಾಲು: ಕರೆಂಟ್ ಹರಿಯುವ ಡ್ರೈನ್ ಮತ್ತು ಸೋರ್ಸ್, ಅದನ್ನು ನಿಯಂತ್ರಿಸುವ ಗೇಟ್. ಸಾಮಾನ್ಯ ಬಗೆಯಾದ ಎನ್-ಚಾನೆಲ್ ಮಾಸ್ಫೆಟ್‌ನ ಸೋರ್ಸ್‌ಗೆ ಕೆಂಪು, ಡ್ರೈನ್‌ಗೆ ಕಪ್ಪು ಪ್ರೋಬ್ ಹಿಡಿದರೆ 0.4ರಿಂದ 0.6 ವೋಲ್ಟ್ ಬರಬೇಕು. ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದರೆ ಶಾರ್ಟ್. ಸಾಲಿನ ಮಾಸ್ಫೆಟ್ಟುಗಳೆಲ್ಲ ಪ್ಯಾರಲಲ್ ಆಗಿ, ಅಂದರೆ ಅದೇ ಎರಡು ಪಟ್ಟಿಗಳ ನಡುವೆ ಅಕ್ಕಪಕ್ಕ ಜೋಡಿಸಿರುವುದರಿಂದ ಒಂದು ಹೋದರೂ ಇಡೀ ಸಾಲು ಸತ್ತಂತೆ ಕಾಣುತ್ತದೆ. ಕಳಚಿ ಒಂದೊಂದನ್ನೇ ನೋಡಬೇಕು.

ಹಾಗೆಂದು ಕೆಟ್ಟದ್ದೊಂದನ್ನೇ ಬದಲಿಸಿದರೆ ಉಳಿತಾಯವಾಗದು. ಬದುಕುಳಿದವೂ ಅದೇ ಏಟು ತಿಂದಿವೆ. ಇಡೀ ಸಾಲನ್ನು ಒಂದೇ ಬ್ಯಾಚಿನ ಹೊಸ ಮಾಸ್ಫೆಟ್‌ಗಳಿಂದ ತುಂಬಿ. ಮೂಲ ನಂಬರ್ ಸಿಗದಿದ್ದರೆ ನೋಡಬೇಕಾದದ್ದು ಮೂರು. ವೋಲ್ಟೇಜು: 48 ವೋಲ್ಟ್ ಗಾಡಿಗೆ ಕನಿಷ್ಠ 100, ಮೂಲದ್ದು ಅದಕ್ಕಿಂತ ಹೆಚ್ಚಿದ್ದರೆ ಮೂಲದಷ್ಟೇ, ಸ್ವಿಚಿಂಗ್ ವೇಳೆ ಏಳುವ ಸ್ಪೈಕ್ (ಕ್ಷಣಿಕ ಅಧಿಕ ವೋಲ್ಟೇಜ್) ತಾಳಬೇಕಲ್ಲ. ಆನ್ ರೆಸಿಸ್ಟೆನ್ಸ್ (ಆನ್ ಇರುವಾಗಿನ ತಡೆ) ಮೂಲಕ್ಕಿಂತ ಹೆಚ್ಚಬಾರದು. ಗೇಟ್ ಚಾರ್ಜ್ (ಆನ್ ಮಾಡಲು ಗೇಟಿಗೆ ತುಂಬಬೇಕಾದ ಚಾರ್ಜ್) ಸಹ ಹೆಚ್ಚಬಾರದು. ಹೆಚ್ಚಾದರೆ ಹಳೆಯ ಡ್ರೈವರ್ ಸರ್ಕ್ಯೂಟಿಗೆ ಬೇಗ ಆನ್-ಆಫ್ ಮಾಡಲಾಗದೆ ಹೊಸದೂ ಕಾದು ಸುಡುತ್ತದೆ. ಡೇಟಾಶೀಟಿನ ಮೊದಲ ಪುಟದ ದೊಡ್ಡ ಆಂಪಿಯರ್ ಅಂಕಿಗೆ ಮರುಳಾಗಬೇಡಿ. ಅಷ್ಟು ಕರೆಂಟನ್ನು ಆ ತೆಳು ಕಾಲುಗಳೇ ತಾಳಲಾರವು. ಹಳೆಯ ಬೈಪೋಲಾರ್ ಟ್ರಾನ್ಸಿಸ್ಟರ್‌ನ ಕಂಟ್ರೋಲರಿಗೆ ಮಾಸ್ಫೆಟ್ ಹಾಕಲು ಹೋಗಲೇಬೇಡಿ, ಅದರ ಡ್ರೈವ್ ಬೇರೆ ಜಾತಿಯದು.

ಹೊಸ ಮಾಸ್ಫೆಟ್ಟುಗಳಲ್ಲಿ ಒಂದೇ ಸಮನಾದವನ್ನು ಹೊಂದಿಸಲು ಗೇಟ್ ಮತ್ತು ಡ್ರೈನ್ ಕೂಡಿಸಿ, 12 ವೋಲ್ಟಿನಿಂದ 10 ಕಿಲೋಓಮ್ ಮೂಲಕ ಕರೆಂಟ್ ಕೊಟ್ಟು, ಸೋರ್ಸ್‌ಗೆ ಹೋಲಿಸಿ ವೋಲ್ಟೇಜ್ ಅಳೆಯಿರಿ. 0.1 ವೋಲ್ಟ್ ಒಳಗಿನ ವ್ಯತ್ಯಾಸದವನ್ನು ಆರಿಸಿ. ಅತಿ ಕಡಿಮೆ ಬಂದದ್ದು ಎಲ್ಲಕ್ಕಿಂತ ಮೊದಲು ಆನ್ ಆಗಿ, ಕೊನೆಗೆ ಆಫ್ ಆಗಿ, ಹೊರೆಯನ್ನು ತಾನೇ ಹೊರುತ್ತದೆ.

ಹಾಕುವಾಗ ಮೊದಲು ಹೀಟ್‌ಸಿಂಕಿಗೆ ಸ್ಕ್ರೂ, ಆಮೇಲೆ ಬೆಸುಗೆ. ತಿರುಗಾಮುರುಗಾ ಮಾಡಿದರೆ ಕಾಲುಗಳ ಮೇಲೆ ಎಳೆತ ಬಿದ್ದು ಬೆಸುಗೆ ಬಿರುಕು ಬಿಡುತ್ತದೆ. ಥರ್ಮಲ್ ಪೇಸ್ಟ್ ತೆಳುವಾಗಿರಲಿ. ದಪ್ಪ ತಾಮ್ರದ ಪಟ್ಟಿಗೆ 80ರಿಂದ 100 ವಾಟ್ ಐರನ್ ಬೇಕು. ಗೇಟ್ ರೆಸಿಸ್ಟರ್, ಝೀನರ್ (ಗೇಟಿನ ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಡಯೋಡ್), ಫ್ರೀವೀಲಿಂಗ್ ಡಯೋಡ್ (ಮಾಸ್ಫೆಟ್ ಆಫ್ ಆದಾಗ ಮೋಟರಿನ ಕರೆಂಟಿಗೆ ದಾರಿ ಕೊಡುವುದು) ಪರೀಕ್ಷಿಸಿ, ಉಬ್ಬಿದ ಕೆಪಾಸಿಟರ್ ಬದಲಿಸಿ.

ಮೊದಲ ಪರೀಕ್ಷೆಗೆ ಮೋಟರ್ ಬೇಡ. 48 ವೋಲ್ಟ್ ಗಾಡಿಯಾದರೆ ಅದರ ಜಾಗದಲ್ಲಿ 12 ವೋಲ್ಟ್, 21 ವಾಟ್‌ನ ನಾಲ್ಕು ಬಲ್ಬ್ ಸರಣಿಯಲ್ಲಿ ಜೋಡಿಸಿ. ಪೆಡಲ್ ಒತ್ತಿದಷ್ಟೂ ಬೆಳಕು ಮೆಲ್ಲಗೆ ಏರಬೇಕು. ಕೀ ತಿರುಗಿಸಿದಾಗಲೇ ಪೂರ್ತಿ ಉರಿದರೆ ಶಾರ್ಟ್ ಇನ್ನೂ ಇದೆ. ಬಲ್ಬ್ ಸರಿಯಾಗಿ ಉರಿದರೂ ಮೋಟರನ್ನು ಹಾಗೇ ಜೋಡಿಸಬೇಡಿ: ಅದರೊಳಗಿನ ಕಾರ್ಬನ್ ಪುಡಿ ಊದಿ ತೆಗೆದು, ಮೋಟರಿನ ಲೋಹದ ಹೊರಕವಚಕ್ಕೆ ಕರೆಂಟ್ ಸೋರಿಕೆ ಇದೆಯೇ ಅಳೆದು ನೋಡಿ. ಸಾಲನ್ನು ಸುಟ್ಟದ್ದು ಅದೇ ಆಗಿರಬಹುದು.