ಹಡ್ಲು ಗದ್ದೆಯ ಕೆಸರಲ್ಲಿ ಪಳೆಯುಳಿಕೆ: ನನ್ನ ಅನುಭವ

ಕೊಡಗಿನಲ್ಲಿ ಪಳೆಯುಳಿಕೆ ಹುಡುಕುತ್ತೇನೆ ಅಂದಾಗ ಭೂವಿಜ್ಞಾನ ಓದಿದ ಗೆಳೆಯರೆಲ್ಲ ನಕ್ಕರು. ಅವರ ಮಾತೂ ಸರಿಯೇ. ನಮ್ಮ ನೈಸ್, ಚಾರ್ನೊಕೈಟ್ ಬಂಡೆಗಳೆಲ್ಲ ಭೂಮಿಯ ಆಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ ಬದಲಾದವು. ಅದರಲ್ಲೇನು ಉಳಿಯುತ್ತೆ? ಆದರೆ ನಾನು ಬಂಡೆ ಮುಟ್ಟಲೇ ಇಲ್ಲ. ಎರಡು ಗುಡ್ಡದ ನಡುವೆ ನಮ್ಮದೊಂದು ಹಡ್ಲು ಬಿಟ್ಟ ಗದ್ದೆ ಇದೆ, ಬೇಸಿಗೆಯಲ್ಲೂ ಕಾಲು ಹೂಳುತ್ತೆ. ಕೆಸರನ್ನು ಪದರ ಕೆಡದ ಹಾಗೆ ಮೇಲೆತ್ತಲು ಅಲ್ಲಿ ಪೈಪ್ ಇಳಿಸಿದೆ.

3 ಇಂಚಿನ ಪಿವಿಸಿ. ಹೊಡೆದು ಇಳಿಸುವುದು ಸುಲಭ, ಎತ್ತುವಾಗಲೇ ಗೋಳು. ಅರ್ಧ ಬರುವಷ್ಟರಲ್ಲಿ ಕೆಸರು ಜಾರಿ ಗುಂಡಿಯಲ್ಲೇ ಉಳಿಯುತ್ತಿತ್ತು. ತುದಿಗೆ ತಗಡಿನ ಹಲ್ಲು ಕೂರಿಸಿದರೆ ಪದರಗಳೆಲ್ಲ ಕಲಸಿಹೋದವು. ಕಬ್ಬಿಣದ ಪೈಪ್ ತಂದೆ, ಒಳಗಿನ ಕೆಸರು ನೋಡಲು ಅದನ್ನು ಸೀಳುವುದಕ್ಕೇ ಆಗಲಿಲ್ಲ, 2 ಸಾವಿರ ಚಿಲ್ಲರೆ ದಂಡ. ಕೊನೆಗೆ ಪೈಪಿನ ಮೇಲಿನ ಖಾಲಿ ಜಾಗಕ್ಕೆ ಬಾಯಿ ತನಕ ನೀರು ತುಂಬಿಸಿ, ಒಂದು ಗಾಳಿಗುಳ್ಳೆಯೂ ಉಳಿಯದ ಹಾಗೆ ರಬ್ಬರ್ ಬಿರಡೆ ಬಿಗಿದು, ಚೈನ್ ಪುಲ್ಲಿಯಲ್ಲಿ ನಿಧಾನ ಎಳೆದೆ. ಇಡೀ ಕೆಸರು ಬಂತು! ಆ ಬಿರಡೆ ಹೇಗೆ ಮಾಡಿದೆ ಅಂತ ಮಾತ್ರ ಕೇಳಬೇಡಿ. ಇನ್ನೊಂದು, ಹೊಡೆಯುವಾಗ ಕೆಸರು ಕುಗ್ಗುತ್ತೆ. ಪೈಪ್ 7 ಅಡಿ ಇಳಿದರೆ ಒಳಗೆ ಸುಮಾರು ಐದೂವರೆ ಅಡಿ ಅಷ್ಟೇ. ಆಗಾಗ ಕೋಲು ಬಿಟ್ಟು ಅಳೆಯಿರಿ, ಇಲ್ಲಾಂದ್ರೆ ಆಳದ ಲೆಕ್ಕವೆಲ್ಲ ಸುಳ್ಳು. ಮೈಕ್ರೋಸ್ಕೋಪ್ ಬಿಟ್ಟು ಒಟ್ಟು 9-10 ಸಾವಿರ ಖರ್ಚಾಗಿರಬೇಕು.

ಮಧ್ಯೆ ಇನ್ನೊಂದು ಹುಚ್ಚು. ಬಸವನಹುಳುವಿನ ಚಿಪ್ಪು, ಕೋಳಿ ಮೂಳೆ, ಹಲಸಿನ ಎಲೆಯನ್ನು ಒಂದು ಕುಂಡದಲ್ಲಿ ತೋಟದ ಕೆಂಪು ಮಣ್ಣಿಗೂ, ಇನ್ನೊಂದರಲ್ಲಿ ಗದ್ದೆಯ ಕೆಸರಿಗೂ ಹೂತಿಟ್ಟೆ. ಎರಡು ಮಳೆಗಾಲ ಕಳೆದು ತೆಗೆದರೆ ಕೆಂಪು ಮಣ್ಣಿನಲ್ಲಿ ಎಲೆ ಪತ್ತೆಯೇ ಇಲ್ಲ, ಚಿಪ್ಪು ಸವೆದು ಹಾಳೆಯಾಗಿತ್ತು. ಹುಳಿ ಮಣ್ಣು ಸುಣ್ಣವನ್ನು ತಿನ್ನುತ್ತೆ. ಕೆಸರಿನಲ್ಲಿ ಗಾಳಿಯಾಡುವುದಿಲ್ಲ, ಅದಕ್ಕೇ ಎಲೆಯ ನರ ಕೂಡ ಹಾಗೇ ಇತ್ತು. ಇಲ್ಲಿ ಮೂಳೆ ಹುಡುಕಬಾರದು, ಹುಳಿಗೆ ಕರಗದ, ಗಾಜಿನಂಥ ಸಿಲಿಕಾ ಮತ್ತು ಪರಾಗ ಹುಡುಕಬೇಕು ಅಂತ ಗೊತ್ತಾಗಿದ್ದು ಹೀಗೆ.

ಡಯಾಟಮ್ ಅಂದರೆ ಸಿಲಿಕಾದ ಚಿಪ್ಪಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಅದನ್ನು ಕೆಸರಿನ ಕಸದಿಂದ ಬಿಡಿಸಲು ಹೈಡ್ರೋಜನ್ ಪೆರಾಕ್ಸೈಡ್ ಕಾಯಿಸಿ ಬಳಸಿದೆ. ಪರಾಗಕ್ಕೆ ಅದು ಬೇಡ, ಕೆಡಿಸುತ್ತೆ. ಬೇರೆ ಚೂರು ತೆಗೆದು ಕಾಸ್ಟಿಕ್ ಸೋಡಾ ಹಾಕಿದೆ. ಡಯಾಟಮ್ ಗ್ಲಿಸರಿನ್‌ನಲ್ಲಿ ಕಾಣುವುದೇ ಇಲ್ಲ, ಎರಡರಲ್ಲೂ ಬೆಳಕು ಹೆಚ್ಚುಕಡಿಮೆ ಒಂದೇ ಥರ ಬಾಗುತ್ತೆ. ಸುಮ್ನೆ ಗಾಜಿನ ಮೇಲೆ ಒಣಗಿಸಿ ನೋಡಿ.

ತಳದಲ್ಲಿ ಕಪ್ಪು ಎಲೆಕೆಸರು, ಇದ್ದಿಲ ಚೂರು, ಜರೀಗಿಡದ ಬೀಜಕಣ, ಜೊತೆಗೆ ಹುಳಿ ನೀರನ್ನು ಇಷ್ಟಪಡುವ ಬಾಗಿದ ಯೂನೋಷಿಯಾ ಡಯಾಟಮ್. ಅಂದರೆ ಆಗ ಇದು ಗದ್ದೆಯಲ್ಲ, ಕಾಡಿನ ಜೌಗು. 4 ಅಡಿಯ ಆಸುಪಾಸಿನಲ್ಲಿ ಬಣ್ಣ ಬೂದಿಗೆ ತಿರುಗುತ್ತೆ, ಅಲ್ಲಿಂದ ಮೇಲೆ ಭತ್ತದ ಎಲೆಯ ಬೀಸಣಿಗೆಯಾಕಾರದ ಸಿಲಿಕಾ ಕಣಗಳು ಶುರು. ಗದ್ದೆ ಮಾಡಿದ್ದು ಆಗಲೇ ಅಲ್ವಾ? ಮೇಲಿನ ಒಂದಡಿಯಲ್ಲಿ ಮಾತ್ರ ಸಿಲ್ವರ್ ಓಕ್‌ನ ಮೂರು ಮೂಲೆಯ ಪರಾಗ. ಆಸ್ಟ್ರೇಲಿಯಾದ ಈ ಮರ ಕಾಫಿಗೆ ನೆರಳಾಗಿ ಬಂದದ್ದು, ಹಾಗಾಗಿ ಆ ಪದರ ಕಾಫಿ ತೋಟಗಳ ಕಾಲದ್ದು. ತೀರಾ ಮೇಲೆ ಮರಳು ಬೆರೆತ ಕೆಂಪು ಮಣ್ಣು, 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಬಂದು ಕೂತದ್ದು. ಗದ್ದೆ ಉಳುತ್ತಿದ್ದರೆ ಅದೂ ಕಲಸಿಹೋಗುತ್ತಿತ್ತು.

ನಕ್ಕವರಲ್ಲೊಬ್ಬರು ಈಗ ಪೈಪಿನ ಅಳತೆ ಕೇಳಿದ್ದಾರೆ. ತಳದ ಇದ್ದಿಲನ್ನು ಫಾಯಿಲ್‌ನಲ್ಲಿ ಸುತ್ತಿಟ್ಟಿದ್ದೇನೆ, ಈ ಸಲ ಮೆಣಸಿನ ದುಡ್ಡು ಕೈಗೆ ಬಂದರೆ ಅದರ ವಯಸ್ಸು ತಿಳಿಯಲು ಕಾರ್ಬನ್ ಕಾಲಮಾಪನಕ್ಕೆ ಕಳಿಸಬೇಕು.